ಸಂಯಮದ ರಾಜಕಾರಣವೂ ಕರಾವಳಿಯ ಕರ್ತವ್ಯವೂ

ಪ್ರಜಾಪ್ರಭುತ್ವದಲ್ಲಿ ಪಕ್ಷಭೇದವು ಸಹಜವಾದುದು, ಆವಶ್ಯಕವೂ ಆದುದು. ಆದರೆ ಹತನಾದವನ ಮನೆಬಾಗಿಲಿಗೆ ಹೋಗುವುದೋ ಬೇಡವೋ ಎಂಬುದನ್ನು ಕೂಡ ಪಕ್ಷವೇ ನಿರ್ಣಯಿಸುವ ಸ್ಥಿತಿಯು ಒಂದು ಸಮಾಜಕ್ಕೆ ಒದಗಿತೆಂದರೆ, ಅಲ್ಲಿ ರಾಜಕಾರಣವು ತನ್ನ ಮೇರೆಯನ್ನು ಮೀರಿದೆಯೆಂದೇ ತಿಳಿಯಬೇಕು. ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಆ ಸ್ಥಿತಿಯು ಒದಗಿದೆ. 2022ರ ಜುಲೈ ತಿಂಗಳ ಉತ್ತರಾರ್ಧದಲ್ಲಿ ಬೆಳ್ಳಾರೆಯ ಆಸುಪಾಸಿನಲ್ಲಿ ಇಬ್ಬರೂ ಸುರತ್ಕಲ್ಲಿನಲ್ಲಿ ಒಬ್ಬರೂ, ಹೀಗೆ ಮೂವರು ತರುಣರು ಒಬ್ಬರ ಬೆನ್ನಿಗೊಬ್ಬರು ಕೊಲೆಯಾದರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಒಂದು ಮನೆಗೆ ಮಾತ್ರ ಹೋಗಿ ಸಾಂತ್ವನವನ್ನೂ ಪರಿಹಾರವನ್ನೂ ಇತ್ತು ಬಂದರು. ಮರುವರ್ಷ ಸರಕಾರ ಬದಲಾಯಿತು. ಹಿಂದಿನವರು ಸಾಂತ್ವನವಿತ್ತ ಮನೆಯ ವಿಧವೆಗೆ ದೊರೆತಿದ್ದ ತಾತ್ಕಾಲಿಕ ಉದ್ಯೋಗವು ಸರಕಾರದೊಡನೆಯೇ ಹೊರಟುಹೋಗಿ, ಜನರ ಆಕ್ಷೇಪಣೆಯ ಮೇಲೆ ಮರಳಿ ಬಂತು. ದ್ವೇಷಕ್ಕೆ ಬಲಿಯಾದ ಬೇರೆ ನಾಲ್ವರ ಕುಟುಂಬಗಳಿಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಿಂದ ತಲಾ 25 ಲಕ್ಷ ರೂಪಾಯಿ ಸಂದುದು 2023ರ ಜೂನ್‌ನಲ್ಲಿ. ಪರಿಹಾರವೇನೋ ನ್ಯಾಯವಾದುದೇ. ಆದರೆ ಒಂದು ಮನೆಯ ಶೋಕಕ್ಕೆ ಮನ್ನಣೆ ದೊರೆಯಬೇಕಾದರೆ ಚುನಾವಣೆಯ ಫಲಿತಾಂಶವನ್ನು ಕಾದಿರಬೇಕೆಂಬ ಪಾಠವನ್ನು ಉಭಯ ಪಕ್ಷಗಳೂ ಸೇರಿ ಈ ಜಿಲ್ಲೆಯ ಜನತೆಗೆ ಕಲಿಸಿದುವಲ್ಲ, ಅದು ಘೋರವಾದ ಅನ್ಯಾಯ.

ಮಂಗಳೂರಿನ ನಂತೂರು ವೃತ್ತದಲ್ಲಿ ನಿಂತು ನೋಡುವವನಿಗೆ ಈ ದುರಂತದ ಭೂಗೋಳವು ಬೇಗನೆ ಅರ್ಥವಾಗುತ್ತದೆ. ಉಡುಪಿಯಿಂದ ಕಾಸರಗೋಡಿಗೆ ಹೋಗುವ 66ನೆಯ ರಾಷ್ಟ್ರೀಯ ಹೆದ್ದಾರಿಯೂ ಮೂಡುಬಿದಿರೆಯ ಕಡೆಯಿಂದ ಬರುವ 169ನೆಯ ಹೆದ್ದಾರಿಯೂ ಸಂಧಿಸುವ ಸ್ಥಳವಿದು. ಉತ್ತರಕ್ಕೆ ಹೋದರೆ 2022ರ ರಕ್ತವನ್ನು ಕಂಡ ಸುರತ್ಕಲ್ಲು. ಮೂಡುಬಿದಿರೆಯ ಹಾದಿ ಹಿಡಿದರೆ, 2025ರ ಏಪ್ರಿಲ್‌ನಲ್ಲಿ ಕ್ರಿಕೆಟ್ ಆಟದ ಬಯಲಿನ ಬಳಿ ಪರವೂರ ಬಡವನೊಬ್ಬನನ್ನು ಗುಂಪುಗೂಡಿ ಹೊಡೆದು ಕೊಂದ ಕುಡುಪು. ಅದಾದ ಕೆಲವೇ ದಿನಗಳಲ್ಲಿ ಬಜ್ಪೆಯಲ್ಲಿ ಒಂದು ಕೊಲೆ, ಮೇ ತಿಂಗಳ ಅಂತ್ಯಕ್ಕೆ ಬಂಟ್ವಾಳ ತಾಲೂಕಿನಲ್ಲಿ ಇನ್ನೊಂದು. ಆದರೆ ಇದೇ ವೃತ್ತದಲ್ಲಿ ಪ್ರತಿದಿನವೂ ಪಣಂಬೂರು ಬಂದರಿನ ಲಾರಿಗಳ ನಡುವೆ, ಅನಿಲ ಹೊತ್ತ ಬುಲೆಟ್ ಟ್ಯಾಂಕರುಗಳ ಹಿಂದೆ, ಬಜರಂಗಿಯ ಚಿತ್ರ ಅಂಟಿಸಿದ ಕಾರೂ ಅರಬೀ ಅಕ್ಷರ ಬರೆಸಿದ ಗೂಡ್ಸ್ ಟೆಂಪೋವೂ ಶಿಲುಬೆ ತೂಗುವ ಆಟೋರಿಕ್ಷಾವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಕುಂಟಿಕಾನದ ಆಸ್ಪತ್ರೆಗೆ ಧಾವಿಸುವ ಆಂಬುಲೆನ್ಸಿಗೆ ದಾರಿ ಬಿಡುವಾಗ ಒಳಗೆ ಮಲಗಿರುವವನ ಮತವನ್ನು ಯಾರೂ ವಿಚಾರಿಸುವುದಿಲ್ಲ. ಸಾಮಾನ್ಯ ಜನರಲ್ಲಿ ಇನ್ನೂ ಉಳಿದಿರುವ ಈ ಸೌಜನ್ಯವು ಅವರ ನಾಯಕರಲ್ಲಿ ಉಳಿದಿಲ್ಲವೆಂಬುದೇ ನನ್ನ ಆಕ್ಷೇಪ.

ಪ್ರತಿಯೊಂದು ಹತ್ಯೆಯ ಅನಂತರವೂ ಜಿಲ್ಲಾಡಳಿತವು ಶಾಂತಿಸಭೆಯನ್ನು ಕರೆಯುತ್ತದೆ. ನಿಷೇಧಾಜ್ಞೆ ಇರುವಷ್ಟು ದಿನ ಸೌಹಾರ್ದದ ಮಾತು ನಡೆಯುತ್ತದೆ; ಅಂಗಡಿಗಳು ಬಾಗಿಲು ತೆರೆದೊಡನೆ ಆ ಮಾತಿಗೆ ಬಾಗಿಲು ಬೀಳುತ್ತದೆ. 2025ರ ಜೂನ್‌ನಲ್ಲಿ ಸರಕಾರವು ಮತೀಯ ಹಿಂಸೆಯ ನಿಗ್ರಹಕ್ಕೆಂದೇ ವಿಶೇಷ ಕಾರ್ಯಪಡೆಯೊಂದನ್ನು ಸ್ಥಾಪಿಸಿತು. ಪೊಲೀಸರು ಬೇಕು, ನಿಷ್ಪಕ್ಷಪಾತವಾದ ಕಠಿಣ ಶಾಸನವೂ ಬೇಕು. ಆದರೂ ಪೊಲೀಸನು ತಡೆಯಬಲ್ಲುದು ಕತ್ತಿಯನ್ನೇ ಹೊರತು ಕತ್ತಿಯನ್ನು ಹಿಡಿದವನಿಗೆ ಹಾರ ಹಾಕಿಸುವ ಮನೋಧರ್ಮವನ್ನಲ್ಲ. ಅದನ್ನು ತಿದ್ದಬಲ್ಲವರು ರಾಜಕೀಯದ ಮುಖಂಡರು, ಮತ್ತು ಅವರನ್ನು ತಿದ್ದಬಲ್ಲ ಮತದಾರರು.

ಭಿನ್ನಮತದವರು ಕೂಡಿ ಕೆಲಸ ಮಾಡುವುದು ಈ ನೆಲದಲ್ಲಿ ಅಸಾಧ್ಯವೆನ್ನುವವರಿಗೆ ಸುರತ್ಕಲ್ಲಿನ ಟೋಲ್‌ಗೇಟಿನ ವೃತ್ತಾಂತವೇ ಉತ್ತರ. ನಂತೂರಿನ ಮೂಲಕ ಹಾಯುವ ಇದೇ ಹೆದ್ದಾರಿಯ ಸುಂಕವನ್ನು ಎನ್.ಐ.ಟಿ.ಕೆ.ಯ ಹತ್ತಿರ ವಸೂಲು ಮಾಡಲಾಗುತ್ತಿತ್ತು. ಎರಡು ಟೋಲ್‌ಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರ್ ಅಂತರವಿರಬೇಕೆಂಬುದು ನಿಯಮ. ಹೆಜಮಾಡಿಯ ಟೋಲ್ ಇದ್ದುದಾದರೋ ಕೂಗಳತೆಯಲ್ಲಿ. ಎಡಪಕ್ಷಗಳವರು, ಕಾಂಗ್ರೆಸ್ಸಿನವರು, ದಲಿತ ಸಂಘಟನೆಗಳವರು, ಯಾವ ಪಕ್ಷಕ್ಕೂ ಸೇರದ ವಾಹನ ಚಾಲಕರು ಒಂದು ಹೋರಾಟ ಸಮಿತಿಯಾಗಿ ವರ್ಷಗಳ ಕಾಲ ದುಡಿದು, 2022ರ ಅಕ್ಟೋಬರ್ 18ರಂದು ಗೇಟಿಗೇ ಮುತ್ತಿಗೆ ಹಾಕಿ, ಆಮೇಲೆ ಹಗಲೂ ರಾತ್ರಿಯೂ ಧರಣಿ ಕುಳಿತರು. ಕಡೆಗೆ ಆಳುವ ಪಕ್ಷದ ಸಂಸದ ನಳಿನ್ ಕುಮಾರ್ ಕಟೀಲರೇ ಅದು ರದ್ದಾಗುವುದೆಂದು ಪ್ರಕಟಿಸಿದರು. ಡಿಸೆಂಬರ್ 1ರಿಂದ ಸುಂಕ ವಸೂಲಿ ನಿಂತಿತು. ಕೇಳಿದವರು ವಿರೋಧಿಗಳು, ಕೊಟ್ಟವರು ಆಳುವವರು, ಪ್ರಯೋಜನ ಪಡೆದವರು ಉಭಯರಿಗೂ ಮತ ಹಾಕಿದ್ದ ಸಾಮಾನ್ಯ ಪ್ರಯಾಣಿಕರು.

ಅದೇ ಹೋರಾಟದ ಇನ್ನೊಂದು ಮುಖವನ್ನೂ ಮರೆಯಲಾಗದು. ಮುತ್ತಿಗೆಯಲ್ಲಿ ಪಾಲ್ಗೊಂಡಿದ್ದ ಮಾಜಿ ಕಾರ್ಪೊರೇಟರ್ ಮಹಿಳೆಯೊಬ್ಬರ ಚಿತ್ರವನ್ನಿಟ್ಟುಕೊಂಡು ಸಾಮಾಜಿಕ ಜಾಲತಾಣಗಳಲ್ಲಿ ಅಶ್ಲೀಲವಾದ ಬರಹಗಳನ್ನು ಹರಿಯಬಿಟ್ಟರು. ಆಕೆ ಪೊಲೀಸರಿಗೆ ದೂರು ಕೊಡಬೇಕಾಯಿತು. ಟೋಲ್ ಇರಬೇಕೇ ಬೇಡವೇ ಎಂಬುದಕ್ಕೂ ಒಬ್ಬ ಸ್ತ್ರೀಯ ಮಾನಕ್ಕೂ ಏನು ಸಂಬಂಧ? ಸಂಬಂಧವಿಲ್ಲದುದರಿಂದಲೇ ಆ ಬರಹಗಳು ಹುಟ್ಟಿದುವು: ವಾದಕ್ಕೆ ಉತ್ತರವಿಲ್ಲದವನು ವಾದಿಸುವವರನ್ನು ಬೀದಿಯಿಂದ ಓಡಿಸಲು ಹೂಡುವ ಉಪಾಯವದು. ನಾಲಗೆಯ ಸಂಯಮವೆಂಬುದು ಸಭಾಮರ್ಯಾದೆಯ ಅಲಂಕಾರವೆಂದು ತಿಳಿದವರು ಇದನ್ನು ಗಮನಿಸಬೇಕು. ಸಂಯಮವು ಹೋದೊಡನೆ ಸಾರ್ವಜನಿಕ ಜೀವನದಿಂದ ಮೊದಲು ಹೊರಬೀಳುವವರು ಸ್ತ್ರೀಯರು, ಬಡವರು, ಅಲ್ಪಸಂಖ್ಯರು. ಅಲ್ಲಿ ಕೊನೆಗೆ ಉಳಿಯುವವರು ಗಂಟಲಿನ ಬಲವುಳ್ಳವರು ಮಾತ್ರ.

ಇದಕ್ಕಿಂತಲೂ ದೊಡ್ಡದಾದ ವಿರೋಧವನ್ನು ಈ ಜಿಲ್ಲೆಯು ದಾಟಿ ಬಂದಿದೆ. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ, ಚಾಲಗೇಣಿಯ (ಸ್ಥಿರ ಹಕ್ಕಿಲ್ಲದ ಗೇಣಿಯ) ಒಕ್ಕಲು ‘ಡಿಕ್ಲರೇಷನ್’ ಕೊಟ್ಟು, ತಲೆಮಾರುಗಳಿಂದ ತಾನು ಕೈಮುಗಿದು ನಿಲ್ಲುತ್ತಿದ್ದ ಧನಿಯ ಎದುರಿನಲ್ಲೇ ಭೂನ್ಯಾಯಮಂಡಳಿಯ ಮುಂದೆ ತನ್ನ ಹಕ್ಕನ್ನು ನುಡಿದನು. ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಅಸಿಸ್ಟೆಂಟ್ ಕಮಿಷನರರೂ ಸರಕಾರವು ನೇಮಿಸಿದ ಸದಸ್ಯರೂ ಉಭಯರ ಹೇಳಿಕೆ ಕೇಳಿ ತೀರ್ಮಾನಿಸುತ್ತಿದ್ದರು. ಅನ್ನದ ಮೂಲವನ್ನೇ ಕುರಿತ ಜಗಳವದು. ಕಹಿಯೂ ಕಣ್ಣೀರೂ ಸಾಕಷ್ಟಿದ್ದುವು. ಆದರೂ ದೇವರಾಜ ಅರಸರ ಕಾಂಗ್ರೆಸ್ ಸರಕಾರಕ್ಕೆ ಆ ಕಾರ್ಯದಲ್ಲಿ 1972ರಲ್ಲಿ ಬಂಟ್ವಾಳದಿಂದ ಆರಿಸಿ ಬಂದಿದ್ದ ಕಮ್ಯುನಿಸ್ಟ್ ನಾಯಕ ಬಿ.ವಿ. ಕಕ್ಕಿಲ್ಲಾಯರಂಥವರ ಬೆಂಬಲವಿತ್ತು. ಭೂಮಿ ಕಳೆದುಕೊಂಡವರಿಗೆ ಪರಿಹಾರವೆಂದೂ, ಸೈನಿಕರಿಗೂ ನಾವಿಕರಿಗೂ ವಿಶೇಷ ಅವಕಾಶವೆಂದೂ ಶಾಸನದಲ್ಲಿಯೇ ಹೊಂದಾಣಿಕೆಗಳಿದ್ದುವು. ಸಂಪೂರ್ಣ ನ್ಯಾಯವು ಯಾರಿಗೂ ದೊರೆಯಲಿಲ್ಲವಾದರೂ ಬಹುಜನರ ಬಾಳು ಹಸನಾಯಿತು. ಹೊಂದಾಣಿಕೆಯ ಯೋಗ್ಯತೆಯನ್ನು ಅಳೆಯತಕ್ಕ ಮಾನದಂಡವು ಇದೇ.

ಕೊಲೆಗಡುಕರೊಡನೆ ರಾಜಿ ಮಾಡಿಕೊಳ್ಳಬೇಕೇ ಎಂದು ಕೆಲವರು ಕೇಳಿಯಾರು. ಖಂಡಿತವಾಗಿಯೂ ಬೇಡ. ಜೀವದ ಬೆಲೆ, ಶಾಸನದ ಮುಂದಣ ಸಮಾನತೆ, ಉಪಾಸನೆಯ ಸ್ವಾತಂತ್ರ್ಯ, ಇವು ರಾಜಿಗೆ ಒಡ್ಡತಕ್ಕ ವಸ್ತುಗಳಲ್ಲ; ಅಪರಾಧಿಯು ಯಾವ ಬಣದವನಾದರೂ ನ್ಯಾಯಾಲಯವೇ ಅವನ ಗತಿ. ನೊಂದವನಿಗೆ ಮೊದಲು ವಿನಯವನ್ನು ಬೋಧಿಸುವುದು ಕ್ರೌರ್ಯವಲ್ಲವೇ ಎಂದು ಇನ್ನು ಕೆಲವರು ಕೇಳುತ್ತಾರೆ; ಆ ಪ್ರಶ್ನೆಯಲ್ಲಿ ಸತ್ಯವಿದೆ. ಆದುದರಿಂದಲೇ ಸಂಯಮದ ಋಣವು ಅಧಿಕಾರವಿರುವವನ ಮೇಲೆ, ಧ್ವನಿವರ್ಧಕ ಕೈಯಲ್ಲಿರುವವನ ಮೇಲೆ ಅಧಿಕವಾಗಿ ಬೀಳುತ್ತದೆ. ರಾಜಿ ಆಗಬೇಕಾದುದು ಮೆರವಣಿಗೆಯ ಹಾದಿಯಲ್ಲಿ, ಧ್ವನಿವರ್ಧಕದ ಹೊತ್ತಿನಲ್ಲಿ, ಜಾತ್ರೆಯ ಅಂಗಡಿಗಳ ಹಂಚಿಕೆಯಲ್ಲಿ, ರಸ್ತೆಯ ಯೋಜನೆಯಲ್ಲಿ.

ರಸ್ತೆಯ ಮಾತನ್ನೇ ಎತ್ತಿಕೊಳ್ಳೋಣ. ಮಂಗಳೂರಿನ ಪಂಪ್‌ವೆಲ್ಲಿನ ಮೇಲ್ಸೇತುವೆ 2010ರಲ್ಲಿ ಆರಂಭವಾಗಿ 2020ರ ಜನವರಿ 31ರಂದು ತೆರೆಯಿತು. ಆ ದಶಕದುದ್ದಕ್ಕೂ ಪಕ್ಷಗಳು ಪರಸ್ಪರರನ್ನು ಮೂದಲಿಸುತ್ತಲೇ ಕಾಲ ಕಳೆದುವು. ನಂತೂರಿನ ಜನರೂ ವರ್ಷಾನುವರ್ಷಗಳಿಂದ ಅದೇ ಮಾತನ್ನು ಕೇಳುತ್ತಿದ್ದಾರೆ: ಕೇಂದ್ರದವರು ರಾಜ್ಯದತ್ತ ಬೊಟ್ಟು ಮಾಡುತ್ತಾರೆ, ರಾಜ್ಯದವರು ಕೇಂದ್ರದತ್ತ. ವಿರೋಧಿಯೊಡನೆ ಒಂದೇ ಮೇಜಿನಲ್ಲಿ ಕುಳಿತರೆ ತನ್ನವರು ಏನೆನ್ನುವರೋ ಎಂಬ ಭಯವು ನಾಯಕನನ್ನು ಹಿಡಿದಲ್ಲಿ, ಊರಿನ ಅತಿ ಸಾಮಾನ್ಯವಾದ ಹಿತವೂ ಅನಾಥವಾಗುತ್ತದೆ.

ಆದುದರಿಂದ ಈ ಜಿಲ್ಲೆಯ ಎಲ್ಲ ಪಕ್ಷಗಳ ಮುಂದೆ ಮೂರು ಬೇಡಿಕೆಗಳನ್ನಿಡುತ್ತೇನೆ. ಶಾಂತಿಸಭೆಯು ಹೆಣ ಬಿದ್ದ ಮೇಲಲ್ಲದೆ ಪ್ರತಿ ತಿಂಗಳೂ ಪ್ರತಿ ತಾಲೂಕಿನಲ್ಲಿಯೂ ಸೇರಲಿ. ಅಲ್ಲಿ ಯಾರು ಏನೆಂದು ಒಪ್ಪಿಕೊಂಡರೆಂಬುದು ಪತ್ರಿಕೆಗಳಲ್ಲಿ ಪ್ರಕಟವಾಗಲಿ. ಮತೀಯ ಹತ್ಯೆ ನಡೆದಾಗ ಶಾಸಕರೂ ಸಂಸದರೂ ಪಕ್ಷವನ್ನೆಣಿಸದೆ ಮೃತನ ಮನೆಗೆ ಒಟ್ಟಾಗಿ ಹೋಗಲಿ, ಪರಿಹಾರವು ಒಂದೇ ನಿಯಮದಂತೆ ಸಲ್ಲಲಿ. ತನ್ನ ಬಣದವನು ಅಶ್ಲೀಲವನ್ನೋ ದ್ವೇಷವನ್ನೋ ನುಡಿದಾಗ ಖಂಡನೆಯ ಮೊದಲ ಮಾತು ಆ ಬಣದ ನಾಯಕನ ಬಾಯಿಂದಲೇ ಹೊರಡಲಿ.

ಮತದಾರರೇ, ಮುಂದಿನ ಚುನಾವಣೆಯಲ್ಲಿ ನಿಮ್ಮ ಮನೆಗೆ ಬರುವ ಅಭ್ಯರ್ಥಿಯನ್ನು, ಅವನು ನಿಮ್ಮದೇ ಪಕ್ಷದವನಾದರೂ, ಒಂದು ಪ್ರಶ್ನೆ ಕೇಳಿರಿ: ನಿನ್ನವರು ತಪ್ಪು ಮಾಡಿದಾಗ ಅದು ತಪ್ಪೆಂದು ಬಹಿರಂಗವಾಗಿ ಎಂದು ಹೇಳಿದೆ? ಉತ್ತರವಿಲ್ಲದವನಿಗೆ ನಿಮ್ಮ ಮತವನ್ನು ಕೊಡಬೇಡಿರಿ.