ಲಾಠಿ ಡ್ರಿಲ್ ಸರಿ, 22ನೇ ವಿಧಿಯ ಡ್ರಿಲ್ ಯಾವಾಗ?

ಹಿರಿಯೂರು ತಾಲ್ಲೂಕಿನ ಐಮಂಗಲದ ಪೊಲೀಸ್ ತರಬೇತಿ ಶಾಲೆ ಚಿತ್ರದುರ್ಗದ ಕಡೆಯವರಿಗೆಲ್ಲ ಗೊತ್ತು. ಇಂಥ ಶಾಲೆಗಳಲ್ಲಿ ಕಾನೂನಿನ ಪಾಠ ಇಲ್ಲ ಅಂತ ನನ್ನ ತಕರಾರಲ್ಲ. ಅದು ಪರೇಡಿನಷ್ಟು ಮೈಗೂಡಲ್ಲ ಅನ್ನೋದೇ ತಕರಾರು.

2024ರ ಜುಲೈ 1ಕ್ಕೆ ಐಪಿಸಿ, ಸಿಆರ್‌ಪಿಸಿ ಹೋಗಿ ಹೊಸ ಸಂಹಿತೆಗಳು ಬಂದವು. ಎಲ್ಲಿ ನೋಡಿದ್ರೂ ಹೊಸ ಸೆಕ್ಷನ್ ನಂಬರುಗಳ ಚಾರ್ಟು! ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ವರ್ಷನ್ ಬದಲಾಯ್ತು, ಕರ್ನಲ್ ಬದಲಾಗಿಲ್ಲ. ಕರ್ನಲ್ ಅಂದ್ರೆ ಸಂವಿಧಾನದ 22ನೇ ವಿಧಿ: ಬಂಧಿಸಿದ ಕಾರಣ ತಿಳಿಸಬೇಕು, ವಕೀಲರನ್ನು ಕಾಣೋಕೆ ಬಿಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು.

ಹೊಸದುರ್ಗದ ತೋಟದ ಕೂಲಿಯವನನ್ನೋ ಹೊಳಲ್ಕೆರೆಯ ಗಾರೆ ಕೆಲಸದವನನ್ನೋ 'ಸುಮ್ನೆ ವಿಚಾರಣೆಗೆ' ಅಂತ ಕರೆದು ಎರಡು ರಾತ್ರಿ ಕೂರಿಸಿದರೆ ಅವನು ಯಾರನ್ನ ಕೇಳಬೇಕು?

'ಕಳ್ಳರಿಗೆಂಥ ಹಕ್ಕು' ಅನ್ನೋರಿಗೆ ಒಂದು ಮಾತು. ಕಳ್ಳ ಯಾರು ಅಂತ ತೀರ್ಮಾನಿಸೋದು ಕೋರ್ಟು, ಠಾಣೆಯಲ್ಲ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಕಾರಣ ತಿಳಿಸಲಿಲ್ಲ ಅಂತ ಹರಿಯಾಣ ಪೊಲೀಸರ ಒಂದು ಬಂಧನವನ್ನೇ ಅಸಿಂಧು ಮಾಡಿ ಆರೋಪಿಯನ್ನ ಬಿಡಿಸಿತು. ನಿಯಮ ಮುರಿದರೆ ನಿಜವಾದ ಕಳ್ಳನೂ ಹೊರಗೆ ಬರ್ತಾನೆ ಸ್ವಾಮಿ!

ಸೆಕ್ಷನ್ ನಂಬರ್ ಬಾಯಿಪಾಠ ಸಾಕು. ಅಣಕು ಬಂಧನ ಮಾಡಿಸಿ, ಬಂಧನದ ಮೆಮೊ ಬರೆಸಿ, ಮನೆಯವರಿಗೆ ತಿಳಿಸೋದನ್ನ ಅಭ್ಯಾಸ ಮಾಡಿಸಿ. ತಪ್ಪಿದವರನ್ನ ಫೇಲ್ ಮಾಡಿ. ಏನಂತೀರಿ?