ಅಡ್ಮಿಷನ್ ರಿಜಿಸ್ಟರೋ, ಕ್ಯಾಷ್ ಬುಕ್ಕೋ?

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ಕೂತ ಹುಡುಗ ಹುಡುಗಿಯರು ಆಗಾಗ ಕೇಳುವ ಪ್ರಶ್ನೆ: ‘ಸಾರ್, ಕಾಲೇಜಿಗೊಂದು ತಂತ್ರಾಂಶ ಮಾಡುತ್ತಿದ್ದೇವೆ. ವಿದ್ಯಾರ್ಥಿಗಳ ಹೆಸರು, ಪಾಸ್‌ವರ್ಡ್, ಶುಲ್ಕದ ಲೆಕ್ಕ ಇವನ್ನೆಲ್ಲ ಡೇಟಾಬೇಸ್‌ನಲ್ಲಿ ಇಡುವುದೋ, ಡೈರೆಕ್ಟರಿಯಲ್ಲಿ ಇಡುವುದೋ?’

ಶಾಲೆಯ ಕಚೇರಿಯನ್ನು ನೆನಪಿಸಿಕೊಳ್ಳಿ. ಅಡ್ಮಿಷನ್ ರಿಜಿಸ್ಟರಿನಲ್ಲಿ ಮಗುವಿನ ಹೆಸರು, ಜನ್ಮದಿನಾಂಕ ಒಮ್ಮೆ ಬರೆದರೆ ಮುಗಿಯಿತು. ತಿದ್ದುವುದು ಅಪರೂಪ, ತೆರೆದು ನೋಡುವುದು ಪದೇ ಪದೇ. ಕ್ಯಾಷ್ ಬುಕ್ಕಿನಲ್ಲಾದರೆ ದಿನವೂ ಬರವಣಿಗೆ. ಜಮಾ ಖರ್ಚು ತಾಳೆಯಾಗಲೇಬೇಕು. ಡೈರೆಕ್ಟರಿ ಮೊದಲನೆಯದರ ಜಾತಿ, ಡೇಟಾಬೇಸ್ ಎರಡನೆಯದರದು.

ಇಂದಿನ ಬಹುಪಾಲು ಡೇಟಾಬೇಸ್‌ಗಳ ಬುನಾದಿ 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮಂಡಿಸಿದ ಮಾದರಿ. ಡೈರೆಕ್ಟರಿಯದು 1988ರ ಎಕ್ಸ್.500 ಎಂಬ ಮಾನಕದ ವಂಶ. ಅದು ಬಲು ಭಾರ. ಅದನ್ನು ಹಗುರಗೊಳಿಸಿದ್ದೇ 1993ರಲ್ಲಿ ಪ್ರಕಟವಾದ ಎಲ್‌ಡಿಎಪಿ. ರೂಪಿಸಿದವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಸಂಗಡಿಗರು.

ಈಗ ಗ್ರಂಥಾಲಯಕ್ಕೆ ಬನ್ನಿ. ವಿದ್ಯಾರ್ಥಿನಿಯೊಬ್ಬಳು ಪುಸ್ತಕ ಒಯ್ದಳು ಎನ್ನಿ. ಅವಳ ಖಾತೆಗೆ ಒಂದು ಕೂಡಬೇಕು, ಕಪಾಟಿನ ಲೆಕ್ಕದಲ್ಲಿ ಒಂದು ಕಳೆಯಬೇಕು. ನಡುವೆ ಕರೆಂಟ್ ಹೋದರೆ? ಡೇಟಾಬೇಸ್‌ನಲ್ಲಿ ಇವೆರಡನ್ನೂ ಒಂದೇ ಟ್ರಾನ್ಸಾಕ್ಷನ್ ಆಗಿ ಕಟ್ಟಬಹುದು: ಆದರೆ ಎರಡೂ ಆಗುತ್ತವೆ, ಇಲ್ಲವಾದರೆ ಎರಡೂ ಇಲ್ಲ. ಎಲ್‌ಡಿಎಪಿಯ ಮೂಲ ಮಾನಕದಲ್ಲಿ ಈ ಭರವಸೆ ಒಂದು ನಮೂದಿನ ತಿದ್ದುಪಡಿಗೆ ಮಾತ್ರ. ಎರಡು ನಮೂದುಗಳನ್ನು ಜೊತೆಗೆ ಬದಲಿಸಲು ಇಲ್ಲ. ಶುಲ್ಕ, ಅಂಕ, ಪುಸ್ತಕದ ಲೆಕ್ಕವನ್ನು ಡೈರೆಕ್ಟರಿಗೆ ತುಂಬಲೇಬಾರದು ಎಂದು ನಾನು ಹೇಳುವುದು ಇದಕ್ಕೇ.

ಹಾಗೆಂದು ಡೈರೆಕ್ಟರಿ ದಂಡವಲ್ಲ. ಕಾಲೇಜಿನ ಇ-ಮೇಲ್, ವೈಫೈ, ಲ್ಯಾಬಿನ ಕಂಪ್ಯೂಟರು ಒಂದೊಂದೂ ಒಬ್ಬೊಬ್ಬರ ತಯಾರಿಕೆ. ಒಬ್ಬರ ಕೋಷ್ಟಕ ಇನ್ನೊಬ್ಬರಿಗೆ ಅರ್ಥವಾಗದು. ಆದರೆ ಎಲ್‌ಡಿಎಪಿಯ ಭಾಷೆ ಇವುಗಳಲ್ಲಿ ಹೆಚ್ಚಿನವಕ್ಕೆ ಬರುತ್ತದೆ. ಪಾಸ್‌ವರ್ಡ್ ಒಂದೇ ಸಾಕು. ಕಾಲೇಜು ಬಿಟ್ಟವರ ನಮೂದನ್ನು ಮುಚ್ಚಿದರೆ ಅದನ್ನು ನಂಬಿದ ಬಾಗಿಲುಗಳಲ್ಲೆಲ್ಲ ಮುಂದಿನ ಪ್ರವೇಶ ಬಂದ್.

ಒಂದು ಎಚ್ಚರಿಕೆ. ಡೈರೆಕ್ಟರಿ ಮರದಂತೆ ಕವಲೊಡೆಯುತ್ತದೆ. ಸಿವಿಲ್, ಮೆಕ್ಯಾನಿಕಲ್ ಎಂದು ಕೊಂಬೆ ಮಾಡಿ ವಿದ್ಯಾರ್ಥಿಗಳನ್ನು ಅದಕ್ಕೆ ಕಟ್ಟಿದಿರೋ, ವಿಭಾಗ ಬದಲಿಸಿದವನ ಪೂರ್ಣ ವಿಳಾಸವೇ ಬದಲಾಗಿ, ಅದನ್ನು ನಂಬಿದ ಪಟ್ಟಿಗಳು ಕೆಡಬಹುದು. ಎಲ್ಲರನ್ನೂ ಒಂದೇ ಕೊಂಬೆಯಲ್ಲಿಟ್ಟು ವಿಭಾಗವನ್ನು ಒಂದು ವಿವರವಾಗಿ ಬರೆಯುವುದು ವಾಸಿ.

ನಿಮ್ಮದು ಒಂದೇ ತಂತ್ರಾಂಶ, ನೂರಿನ್ನೂರು ಬಳಕೆದಾರರು ಎಂದಾದರೆ ಡೈರೆಕ್ಟರಿಯ ಗೊಡವೆಯೇ ಬೇಡ. ಡೇಟಾಬೇಸ್‌ನ ಒಂದು ಕೋಷ್ಟಕ ಸಾಕು. ಪಾಸ್‌ವರ್ಡನ್ನು ಮಾತ್ರ ಇದ್ದ ಹಾಗೆ ಬರೆಯದೆ ಹ್ಯಾಶ್ ಮಾಡಿ ಇಡಿ. ಎರಡನ್ನೂ ಕಲಿಯುವ ಆಸೆಯಿದ್ದರೆ ಪೋಸ್ಟ್‌ಗ್ರೆಸ್ ಮತ್ತು ಓಪನ್‌ಎಲ್‌ಡಿಎಪಿ ಉಚಿತವಾಗಿ ಸಿಗುತ್ತವೆ. ಮನೆಯ ಸಾಧಾರಣ ಕಂಪ್ಯೂಟರಿನಲ್ಲೇ ಇವೆರಡೂ ಓಡುತ್ತವೆ. ಪಾಲಕರು ಹೊಸದನ್ನು ಕೊಡಿಸಬೇಕಿಲ್ಲ.