ಗಾಳಿಯಂತ್ರ ಗುಡ್ಡದ ಮೇಲಷ್ಟೇ ಏಕೆ?



ಪಠ್ಯದ ಹೊರೆ ಇಳಿಸುವುದಕ್ಕೆಂದು ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಶಕ್ತಿಯ ಮೂಲಗಳ ಅಧ್ಯಾಯವನ್ನು ಇಡಿಯಾಗಿ ಕೈಬಿಟ್ಟಿತು. ವಿದ್ಯುತ್ಕಾಂತೀಯ ಪ್ರೇರಣೆ, ಮೋಟಾರು, ಜನರೇಟರ್ ಕುರಿತ ಪಾಠವೂ ಅದರ ಜೊತೆಗೇ ಹೋಯಿತು. ಹತ್ತರ ನಂತರ ಕಲೆಯನ್ನೋ ವಾಣಿಜ್ಯವನ್ನೋ ಆರಿಸಿಕೊಳ್ಳುವ ಮಕ್ಕಳು ಕರೆಂಟು ಹುಟ್ಟುವ ಬಗೆಯನ್ನು ಇನ್ನೆಲ್ಲಿ ಕಲಿಯಬೇಕು? ಇದು ಹೊರೆಯಲ್ಲ, ತಿರುಳು.

ಕೈಬಿಟ್ಟ ಅಧ್ಯಾಯದಲ್ಲಿ ಪವನಶಕ್ತಿಗೆ ಡೆನ್ಮಾರ್ಕ್, ಕನ್ಯಾಕುಮಾರಿಗಳ ಉದಾಹರಣೆ ಇತ್ತು. ನಮ್ಮ ಚಿತ್ರದುರ್ಗದ ಮಕ್ಕಳು ಅಷ್ಟು ದೂರ ಹೋಗಬೇಕಿಲ್ಲ, ಜೋಗಿಮಟ್ಟಿ ಗುಡ್ಡದ ಗಾಳಿಯಂತ್ರಗಳ ಕಡೆ ಕಣ್ಣೆತ್ತಿದರೆ ಸಾಕು. ಗದಗದ ಮಕ್ಕಳಿಗೆ ಕಪ್ಪತಗುಡ್ಡದ ಸೀಮೆಯಿದೆ. ರಾಜ್ಯದ ಪವನ ವಿದ್ಯುತ್ ಸಾಮರ್ಥ್ಯ 5 ಸಾವಿರ ಮೆಗಾವ್ಯಾಟ್ ದಾಟಿದೆ. ಆದರೂ ಆ ರೆಕ್ಕೆಗಳ ಹಿಂದಿನ ಪೆಟ್ಟಿಗೆಯಲ್ಲಿ ಏನಿದೆಯೆಂದು ಹೇಳಬಲ್ಲ ಪ್ರೌಢಶಾಲೆಯ ಮಕ್ಕಳು ಎಷ್ಟಿದ್ದಾರು?

ಗಾಳಿ ಬೀಸುವ ಜಿಲ್ಲೆಗಳ ಸರ್ಕಾರಿ ಪ್ರೌಢಶಾಲೆಗಳಿಗೆ ಒಂದೊಂದು ಸಣ್ಣ ಗಾಳಿಯಂತ್ರ, ಜೊತೆಗೆ ಗಾಳಿಯ ವೇಗ ಅಳೆಯುವ ಮಾಪಕ ಮತ್ತು ವಿದ್ಯುತ್ ಮೀಟರ್ ಕೊಡಿ ಎಂಬುದು ನನ್ನ ಒತ್ತಾಯ. ಚಾವಣಿಗೆ ಬಿಗಿದರೆ ಪ್ರಯೋಜನವಿಲ್ಲ, ಕಟ್ಟಡಕ್ಕೆ ಬಡಿದ ಗಾಳಿ ಸುಳಿಯಾಗಿ ಯಂತ್ರವನ್ನು ಅಲುಗಿಸುತ್ತದೆ. ಮರಗಳಿಗಿಂತ ಎತ್ತರದ ಪ್ರತ್ಯೇಕ ಕಂಬ ಬೇಕು. ಮಕ್ಕಳು ದಿನವೂ ವೇಗ ಮತ್ತು ಉತ್ಪಾದನೆಯನ್ನು ಬರೆದಿಡಲಿ. ಆಷಾಢದ ಗಾಳಿಯನ್ನೂ ಚಳಿಗಾಲದ ಗಾಳಿಯನ್ನೂ ಗ್ರಾಫಿನಲ್ಲಿ ಹೋಲಿಸಲಿ. ಗಾಳಿಯ ವೇಗ ಎರಡು ಪಟ್ಟಾದರೆ ಅದು ಸೆಕೆಂಡಿಗೆ ಹೊತ್ತು ತರುವ ಶಕ್ತಿ ಎಂಟು ಪಟ್ಟಾಗುತ್ತದೆ ಎಂಬ ನಿಯಮವನ್ನು ಕರಿಹಲಗೆಯಲ್ಲಿ ಎಷ್ಟು ಸಲ ಬರೆದರೂ ಮಕ್ಕಳಿಗೆ ಹತ್ತುವುದಿಲ್ಲ; ತಾವೇ ಬರೆದ ಅಂಕಿಗಳಲ್ಲಿ ಕಂಡರೆ ಮರೆಯುವುದಿಲ್ಲ. ಪಿವಿಸಿ ಪೈಪ್ ಸೀಳಿ ರೆಕ್ಕೆ ಮಾಡಿ, ಎರಡು ರೆಕ್ಕೆ ಚೆನ್ನೋ ಮೂರು ಚೆನ್ನೋ, ಎಷ್ಟು ಓರೆ ಇರಬೇಕು ಎಂದು ಮಾದರಿಗಳಲ್ಲಿ ಪರೀಕ್ಷಿಸಲಿ. ಗಣಿತ, ಭೂಗೋಳ, ವಿಜ್ಞಾನ ಮೂರೂ ಅಲ್ಲೇ ಕೂಡುತ್ತವೆ.

ಸೌರಫಲಕ ಅಗ್ಗವಲ್ಲವೇ ಎನ್ನುವವರಿದ್ದಾರೆ. ಬಿಲ್ಲಿನ ಲೆಕ್ಕಕ್ಕೆ ಅವರ ಮಾತು ಸರಿ, ಪಾಠದ ಲೆಕ್ಕಕ್ಕೆ ಅಲ್ಲ. ಫಲಕದೊಳಗೆ ನಡೆಯುವುದು ಮಗುವಿನ ಕಣ್ಣಿಗೆ ಕಾಣದು. ಗಾಳಿಯಂತ್ರದಲ್ಲಿ ರೆಕ್ಕೆ ತಿರುಗುವುದು, ಸುರುಳಿಯ ಬಳಿ ಅಯಸ್ಕಾಂತ ಸುತ್ತುವುದು, ಬಲ್ಬು ಹೊತ್ತುವುದು ಎಲ್ಲವೂ ಎದುರಿಗೇ ಇದೆ. ಅಮೆರಿಕದ ಅಯೋವಾ ರಾಜ್ಯದ ಸ್ಪಿರಿಟ್ ಲೇಕ್ ಎಂಬ ಸಣ್ಣ ಊರಿನ ಪ್ರಾಥಮಿಕ ಶಾಲೆ 1993ರಲ್ಲೇ 250 ಕಿಲೋವ್ಯಾಟ್‌ನ ಯಂತ್ರ ಸ್ಥಾಪಿಸಿತು. ನಾವು ಕೇಳುತ್ತಿರುವುದು ಒಂದು ಕಿಲೋವ್ಯಾಟ್‌ನದ್ದು.

ದುಡ್ಡಿಗೂ ದಾರಿಯಿದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ವ್ಯಯಿಸಬೇಕು, ತಾವು ಕೆಲಸ ಮಾಡುವ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ನಮ್ಮ ಗುಡ್ಡಗಳ ಗಾಳಿಯಿಂದ ಲಾಭ ಪಡೆಯುವವರು ಬ್ಯಾಗು, ಬೆಂಚುಗಳ ಜೊತೆ ಇದನ್ನೂ ಕೊಡಲಿ. ದುರಸ್ತಿಗೆ ತಮ್ಮ ತಂತ್ರಜ್ಞರನ್ನೇ ಕಳಿಸಲಿ. ಇಲ್ಲದಿದ್ದರೆ ಕೆಟ್ಟ ಯಂತ್ರ ತುಕ್ಕು ಹಿಡಿಯುತ್ತದೆ. ಶಿಕ್ಷಣ ಇಲಾಖೆ ಮುಂದಿನ ಜೂನ್‌ಗೆ ಮುನ್ನ ಈ ಕಂಪನಿಗಳನ್ನು ಕರೆದು ಮಾತಾಡಬೇಕು. ಆ ಮಳೆಗಾಲದ ಗಾಳಿಯ ಲೆಕ್ಕ ಮಕ್ಕಳಿಗೆ ತಪ್ಪಬಾರದು.

– ನಿವೃತ್ತ ವಿಜ್ಞಾನ ಶಿಕ್ಷಕ, ಚಿತ್ರದುರ್ಗ